ಕರಾರಿನಲ್ಲಿ ಬಿಟ್ಟುಹೋದ ಸಾಲು

ಮೊನ್ನೆ ಕಡೂರಿನ ಅಂಚೆ ಕಚೇರಿಯಲ್ಲಿ ಯಾರದೋ ಪಾರ್ಸೆಲ್ಲಿಗೆ ಅರಗು ಕಾಯಿಸಿ ಮೊಹರು ಒತ್ತುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ತರೀಕೆರೆಯ ನಮ್ಮ ಹೆಡ್ ಗುಮಾಸ್ತರು ಕಣ್ಣ ಮುಂದೆ ಬಂದರು...

ಆಗ ಮಹಾರಾಜರ ಕಾಲ. ಕಾಡಿನ ಮರ ತಂದು ರೈಲಿಗೆ ತುಂಬುವ ಒಂದು ಕಂಪನಿ. ಅದರ ಕರಾರು ವಿಭಾಗವೆಂದರೆ ಎರಡು ಮೇಜು, ಒಂದು ಬೀರು, ಅವರು ಮತ್ತು ನಾನು. ಪ್ರತಿ ಕರಾರೂ ಕನ್ನಡ, ಇಂಗ್ಲಿಷ್ ಎರಡರಲ್ಲೂ ಆಗಬೇಕು. ಕರಡು ಬರೆಯುವುದು ಅವರು, ನಕಲು ಮಾಡುವುದು ನಾನು, ತಾಳೆ ನೋಡಿ ಅರಗಿನ ಮೊಹರು ಒತ್ತುವುದು ಮತ್ತೆ ಅವರು.

ಹೆಬ್ಬೆ ಕಾಡಿನ ಕಡೆಯಿಂದ ಮರ ಸಾಗಿಸಲು ಬುಕ್ಕಾಂಬುಧಿಯ ಗಾಡಿಯವರೊಂದಿಗೆ ಕರಾರಾಗಿತ್ತು. ಅವರ ಗಾಡಿ, ಎತ್ತುಗಳೇ ಜಾಮೀನು. ಆ ವರ್ಷ ಮಳೆಗೆ ಘಟ್ಟದ ದಾರಿ ಕೊಚ್ಚಿಹೋಗಿ ಮೂರು ವಾರ ಒಂದು ಗಾಡಿಯೂ ಇಳಿಯಲಿಲ್ಲ. ಕರಾರು ಮುರಿದರೆಂದು ಎತ್ತು, ಗಾಡಿ ಜಪ್ತಿ ಮಾಡಿಸಲು ಮ್ಯಾನೇಜರು ಕಡೂರಿನ ವಕೀಲರಿಗೆ ಕಾಗದ ಕಳಿಸಿಬಿಟ್ಟರು.

ಗಾಡಿಯವರ ಯಜಮಾನ ಕಚೇರಿಗೆ ಬಂದು ಹೆಡ್ ಗುಮಾಸ್ತರ ಮೇಜಿನ ಮುಂದೆ ನಿಂತ. "ಮಳೇಲಿ ದಾರಿ ಹೋದ್ರೆ ನಿಮ್ ತಪ್ಪಲ್ಲ ಅಂತ ನೀವೇ ಓದಿ ಹೇಳಿದ್ರಿ ಕಣ್ರೀ ಸ್ವಾಮಿ. ಅದನ್ನ ನಂಬ್ಕೊಂಡು ಹೆಬ್ಬೆಟ್ಟು ಒತ್ತಿದ್ವಿ."

ಅವನು ಹೋದ ಮೇಲೆ ತೆಗೆದು ನೋಡಿದೆ. ಕನ್ನಡದ ಪ್ರತಿಯಲ್ಲಿ ಆ ಸಾಲು ಇತ್ತು. ಮ್ಯಾನೇಜರ ಬಳಿಯ ಇಂಗ್ಲಿಷ್ ಪ್ರತಿಯಲ್ಲಿ ಇರಲಿಲ್ಲ. ನಕಲು ಮಾಡುತ್ತ ಪುಟ ತಿರುವುವಾಗ ನಾನೇ ಬಿಟ್ಟಿದ್ದೆ.

ಹೇಳಿದರೆ ಕೆಲಸ ಹೋಗುತ್ತದೆ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮೂರು ದಿನ ಬಾಯಿ ಬಿಡಲಿಲ್ಲ. ಮಧ್ಯಾಹ್ನದ ಬುತ್ತಿ ಹಾಗೇ ಮನೆಗೆ ವಾಪಸು ಹೋಗುತ್ತಿತ್ತು. ನಾಲ್ಕನೇ ದಿನ ಬೆಳಿಗ್ಗೆ ಕಚೇರಿಗೆ ಹೋದಾಗ ಹೆಡ್ ಗುಮಾಸ್ತರು ಕೋಟು, ಪೇಟ ಹಾಕಿಕೊಂಡು, ಆ ಕರಾರಿನ ಹಳೆಯ ಕರಡನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟು ನಿಂತಿದ್ದರು. ನಾನು ಎಲ್ಲ ಹೇಳಿಬಿಟ್ಟೆ.

"ಹೇಳ್ದೆಯಲ್ಲಪ್ಪಾ, ಒಳ್ಳೇದಾಯ್ತು" ಎಂದಷ್ಟೇ ಹೇಳಿ ಮ್ಯಾನೇಜರ ಕೋಣೆಗೆ ಹೋದರು. ನಾನು ಬಾಗಿಲ ಹೊರಗೆ. ಒಳಗಿನಿಂದ ಕೂಗಾಟ ಕೇಳಿಸಿತು. ನಡುವೆ ಅವರ ತಣ್ಣನೆಯ ದನಿ: "ತಾಳೆ ನೋಡಿ ಮೊಹರು ಹಾಕಿದವನು ನಾನು. ತಪ್ಪು ನನ್ನದು." ನನ್ನ ಹೆಸರು ಬರಲೇ ಇಲ್ಲ. ಹೊರಬಂದಾಗ ಜಪ್ತಿ ನಿಲ್ಲಿಸುವ ಕಾಗದ ಅವರ ಕೈಯಲ್ಲಿತ್ತು, ಆ ವರ್ಷದ ಬಡ್ತಿ ಮಾತ್ರ ಕೈತಪ್ಪಿತ್ತು.

ಇಬ್ಬರೂ ರೈಲು ಹತ್ತಿ, ಬೀರೂರಿನಲ್ಲಿ ಗಾಡಿ ಬದಲಿಸಿ ಕಡೂರು ಮುಟ್ಟಿದೆವು. ವಕೀಲರು ಕೋರ್ಟಿಗೆ ಹೊರಟು ಮೆಟ್ಟಿಲಿಳಿಯುತ್ತಿದ್ದರು. ಕಾಗದ ಓದಿ, "ಇನ್ನೊಂದು ಗಳಿಗೆ ತಡವಾಗಿದ್ರೆ ದಾಖಲಾಗಿಬಿಡ್ತಿತ್ತಲ್ರೀ" ಎನ್ನುತ್ತ ಜಪ್ತಿಯ ಕಾಗದಗಳ ಕಟ್ಟು ವಾಪಸು ಕೊಟ್ಟರು. ನಾನು ಅವರ ಜಗಲಿಯ ಮೇಲೆ ಕೂತೆ. ಎದೆಯ ಮೇಲಿನ ಬಂಡೆಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗೆ... ಆ ಹಗುರ ಇಂದಿಗೂ ಮರೆತಿಲ್ಲ.

ಮಧ್ಯಾಹ್ನ ಬೀರೂರಿನ ಹೋಟೆಲಿನಲ್ಲಿ ಹೆಡ್ ಗುಮಾಸ್ತರು ನನ್ನೆಲೆಗೆ ಇನ್ನಷ್ಟು ಅನ್ನ ಬಡಿಸಲು ಹೇಳಿದರು. "ಉಣ್ಣು, ಮೂರ್ ದಿನ ಆಯ್ತು ನೀನು ಸರಿಯಾಗಿ ಉಂಡು." ಯಜಮಾನ ಬಂದುಹೋದ ದಿನವೇ ಅವರು ಕರಡು ತೆಗೆದು ನೋಡಿ, ಸಾಲು ಬಿಟ್ಟವನು ನಾನೆಂದು ತಿಳಿದಿದ್ದರಂತೆ! ನಾಚಿಕೆಯಾಯಿತು. ಆದರೂ ಹೊಟ್ಟೆತುಂಬ ಉಂಡೆ.

ಆ ವಾರವೇ ಇಂಗ್ಲಿಷ್ ಪ್ರತಿ ತಿದ್ದಿ ಎಲ್ಲರ ಸಹಿ ಆಯಿತು. ದಾರಿ ರಿಪೇರಿಯಾದ ಮೇಲೆ ಬುಕ್ಕಾಂಬುಧಿಯ ಗಾಡಿಗಳು ಮತ್ತೆ ಸಾಲಾಗಿ ಇಳಿದು ಬಂದವು.

ಮುಂದಿನ ಬೇಸಿಗೆಯಲ್ಲಿ ಹೆಡ್ ಗುಮಾಸ್ತರು ಜ್ವರ ಬಂದು ಎಂಟೇ ದಿನಕ್ಕೆ ಹೋಗಿಬಿಟ್ಟರು. ಅವರ ಕುರ್ಚಿಯಲ್ಲಿ ನಾನು ಕೂತೆ, ಅಲ್ಲಿಂದಲೇ ನಿವೃತ್ತನೂ ಆದೆ. ಆ ಬೆಳಿಗ್ಗೆ ನಾನು ಸುಮ್ಮನಿದ್ದಿದ್ದರೆ ಅವರೊಬ್ಬರೇ ಹೋಗಿ ತಪ್ಪು ಹೊತ್ತುಕೊಂಡು, ನನಗೆ ಒಂದು ಮಾತೂ ಆಡದೆ ಇರುತ್ತಿದ್ದರೇ? ಕೇಳಬೇಕೆಂದಿದ್ದೆ. ಕೇಳುವ ಧೈರ್ಯ ಬರುವ ಹೊತ್ತಿಗೆ ಅವರಿರಲಿಲ್ಲ.