ಯಾರೂ ಇಲ್ಲದ ಮನೆಯ ಆಟ

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಆಳಂದದಿಂದ ನರೋಣಾಕ್ಕೆ ಬಸ್ಸಿನಲ್ಲಿ ಓಡಾಡಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಗೊಬ್ಬೂರಿನಲ್ಲಿ ಅಕ್ಕನ ಗಂಡ ಜ್ವರದಿಂದ ತೀರಿಕೊಂಡ ಮೇಲೆ ಅವಳು ನಮ್ಮ ಮನೆಗೆ ಬಂದಿದ್ದಳು. ಊಟಕ್ಕೆ ಕರೆದರೆ ಬರುವಳು, ಕೇಳಿದ್ದಕ್ಕೆ ಹೂಂ ಅನ್ನುವಳು, ಅಷ್ಟೇ.

ಅವಳಿಗೆ ಸ್ವಲ್ಪ ಹೊತ್ತು ಹೋಗಲಿ ಎಂದು ಟಿವಿಗೆ ಜೋಡಿಸುವ ವಿಡಿಯೋ ಗೇಮ್ ತಂದೆ. ಜೊತೆಗೆ ಬಂದ ಕ್ಯಾಸೆಟ್ಟುಗಳಲ್ಲಿ ಒಂದು ದೆವ್ವದ ಆಟ. ಅದರ ಇಂಗ್ಲಿಷ್ ಹೆಸರನ್ನು ಕನ್ನಡ ಮಾಡಿ ಹೇಳಿದೆ, ‘ಯಾರೂ ಇಲ್ಲದ ಮನೆ’. ಒಬ್ಬ ಹೆಂಗಸು ಕಂದೀಲು ಹಿಡಿದು ಕೋಣೆ ಕೋಣೆ ದಾಟಬೇಕು. ಬಾಗಿಲು ತೆರೆದರೆ ಸಾಕು, ದೆವ್ವಗಳು ಮೈಮೇಲೆ ಬರುತ್ತಿದ್ದವು.

“ಯಾರೂ ಇಲ್ಲ ಅಂತಾರ, ಸಂತಿ ನೆರದಂಗ ನೆರದಾವಲ್ಲಬೇ,” ಎಂದು ಅಕ್ಕ ನಕ್ಕಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು.

ಮುಂದಿನ ವರ್ಷ ಅದೇ ಆಟವನ್ನು ಹೊಸದಾಗಿ ಮಾಡಿದ್ದಾರೆಂದು ವಿಡಿಯೋ ಗೇಮ್ ಕೊಟ್ಟಿದ್ದ ಅಂಗಡಿಯವನು ಸೋಲಾಪುರದಿಂದ ತರಿಸಿಕೊಟ್ಟ. ಚಿತ್ರ ಬಹಳ ಚೆಂದ. ಆದರೆ ಕೋಣೆಗಳೆಲ್ಲ ಖಾಲಿ. ಹಾಸಿದ ಹಾಸಿಗೆ, ಬಡಿಸಿಟ್ಟ ತಾಟು, ಗೂಟಕ್ಕೆ ಒಂದು ಅಂಗಿ. ಆ ಹೆಂಗಸಿನ ಹೆಜ್ಜೆ ಸಪ್ಪಳ ಬಿಟ್ಟರೆ ಏನೂ ಇಲ್ಲ.

“ಮೋಸ ಮಾಡ್ಯಾರ. ಹೆಸರು ಅದೇ, ದೆವ್ವನೇ ಇಲ್ಲ,” ಎಂದೆ.

ಅಕ್ಕ ಆಡುವುದನ್ನು ಯಾವಾಗಲೋ ನಿಲ್ಲಿಸಿದ್ದಳು. “ಹೆಸರಿಗೆ ತಕ್ಕಂಗ ಇರೋದು ಇದೇ. ಬಂದ್ ಮಾಡು. ನನಗ ಅಂಜಿಕಿ ಬರಾಕತ್ತದ.”

ಟಿವಿ ಆರಿಸಿದೆ. ಅವಳು ಗೋಡೆ ನೋಡುತ್ತ ಹೇಳಿದಳು: “ಮಣ್ಣು ಮಾಡಿ ನೀವೆಲ್ಲ ಹೋದಿರಿ. ಅವರ ಕಡಿಯವರೂ ಹೋದರು. ಹದಿನೈದು ದಿನ ಯಾರೂ ಬರಲಿಲ್ಲ. ನಾ ದಿನಾ ಎರಡು ತಾಟು ಹಚ್ಚತಿದ್ದೆ.”

ಭಾವನ ಕಡೆಯವರು ಅವಳ ಜೊತೆಗಿದ್ದಾರೆಂದು ನಾವು ತಿಳಿದಿದ್ದೆವು. ನಾವು ಕರೆದುಕೊಂಡು ಹೋಗಿದ್ದೇವೆಂದು ಅವರು ತಿಳಿದಿದ್ದರಂತೆ.

“ಒಂದು ಚೀಟಿ ಬರೀಬೇಕಿತ್ತು,” ಎಂದೆ.

“ಏನಂತ ಬರೀಲಿ?”

ಮುಂದಿನ ರವಿವಾರ ಇಬ್ಬರೂ ಗೊಬ್ಬೂರಿಗೆ ಹೋಗಿ ಆ ಮನೆಯ ಕೀಲಿಯನ್ನು ಭಾವನ ಚಿಕ್ಕಪ್ಪನಿಗೆ ಕೊಟ್ಟು ಬಂದೆವು. ಅಕ್ಕ ಒಳಗೆ ಹೋಗಲಿಲ್ಲ. ಆಮೇಲೆ ಅವಳು ಹುಡುಗಿಯರಿಗೆ ಹೊಲಿಗೆ ಕಲಿಸತೊಡಗಿದಳು. ಹಗಲೆಲ್ಲ ಪಡಸಾಲೆ ತುಂಬಿರುತ್ತಿತ್ತು. ವಿಡಿಯೋ ಗೇಮನ್ನು ಅವಳು ಮತ್ತೆ ಮುಟ್ಟಲಿಲ್ಲ.

ಆ ಹದಿನೈದು ದಿನ ನಾನು ನರೋಣಾಕ್ಕೆ ಹೋಗಿ ಬಂದು ಮಾಡುತ್ತಿದ್ದೆ, ಮಕ್ಕಳ ಹಾಜರಿ ಹಾಕುತ್ತಿದ್ದೆ. ನಡುವೆ ಒಂದು ರವಿವಾರ, ಆಳಂದದ ಬಸ್ ನಿಲ್ದಾಣದಲ್ಲಿ ಗೊಬ್ಬೂರಿಗೆ ಹೋಗುವ ಬಸ್ಸು ಕಣ್ಣ ಮುಂದೆಯೇ ನಿಂತಿತ್ತು. ಹತ್ತಲಿಲ್ಲ, ಬಟ್ಟೆ ಒಗೆಯುವುದಿತ್ತು.