ಅಮ್ಮ ಒಪ್ಪಿದ ಪಾರ್ಸೆಲ್ ಊಟ

ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಾಗ ನಮ್ಮಮ್ಮನಿಗೆ ಎಪ್ಪತ್ತೆರಡು ವರ್ಷ. ಪ್ಲಾಸ್ಟರ್ ಹಾಕಿದ ಡಾಕ್ಟರು ಆರು ವಾರ ಕೈಗೆ ಕೆಲಸ ಕೊಡಕೂಡದು ಎಂದರು.

"ಒಗ್ಗರಣೆ ಹಾಕಬಹುದಾ ಡಾಕ್ಟ್ರೇ?" ಎಂದು ಅಮ್ಮ ಕೇಳಿದಳು.

ಹಾಕಕೂಡದು ಎಂದರು. ಬಸವೇಶ್ವರನಗರದ ನಮ್ಮ ಮನೆ ಮುಟ್ಟುವವರೆಗೂ ಅವಳು ಆಟೋದಲ್ಲಿ ಡಾಕ್ಟರನ್ನು ಬೈಯುತ್ತಲೇ ಇದ್ದಳು.

ಮನೆಯಲ್ಲಿ ಅಡುಗೆ ಬಲ್ಲವರು ಬೇರೆ ಯಾರೂ ಇರಲಿಲ್ಲ. ನಾನು ಮನೆಯಲ್ಲೇ ಕೂತು ಪಠ್ಯಪುಸ್ತಕಗಳ ಕರಡು ತಿದ್ದುವವನು. ನನ್ನ ಹೆಂಡತಿ ಹೈಸ್ಕೂಲ್ ಟೀಚರು, ಬೆಳಿಗ್ಗೆ ಎಂಟಕ್ಕೆ ಹೊರಟರೆ ಬರುವುದು ಸಂಜೆ. ಮೊದಲ ದಿನ ನಾನು ಮಾಡಿದ ಹುಳಿಯನ್ನು ಅಮ್ಮ ಒಂದು ಚಮಚ ಬಾಯಿಗೆ ಹಾಕಿಕೊಂಡು, "ಇದರಲ್ಲಿ ಎಲ್ಲಾ ಇದೆ, ಹುಳಿ ಒಂದಿಲ್ಲ" ಎಂದು ಪಕ್ಕಕ್ಕೆ ಸರಿಸಿದಳು. ಹೆಂಡತಿ ಫೋನು ತೆಗೆದು, "ಆರ್ಡರ್ ಮಾಡೋಣ, ಬೇರೆ ದಾರಿಯಿಲ್ಲ" ಎಂದಳು.

ಅಮ್ಮನಿಗೆ ಹೊರಗಿನ ಊಟವೆಂದರೆ ಆಗುತ್ತಿರಲಿಲ್ಲ. ನನ್ನ ಬಾಲ್ಯದಲ್ಲಿ ಹೋಟೆಲಿಗೆ ಹೋಗಬೇಕಾದರೆ ಅದಕ್ಕೊಂದು ಕಾರಣ ಬೇಕಿತ್ತು. ರಾಜಾಜಿನಗರಕ್ಕೆ ಬಟ್ಟೆ ತರಲು ಹೋದಾಗ ಅಪ್ಪ ನಮ್ಮನ್ನು ಮಸಾಲೆ ದೋಸೆಗೆ ಕೂರಿಸಿದರೆ, ಅಮ್ಮ ಲೋಟದ ಅಂಚನ್ನು ಸೆರಗಿನಿಂದ ಒರೆಸಿಕೊಂಡು ಕಾಫಿ ಮಾತ್ರ ಕುಡಿಯುತ್ತಿದ್ದಳು. ಪಾರ್ಸೆಲ್ ತರುವುದೆಂದರೆ ಜ್ವರ ಬಂದವರಿಗೆ ಇಡ್ಲಿ, ಅದೂ ಮನೆಯಿಂದಲೇ ಕ್ಯಾರಿಯರ್ ತೆಗೆದುಕೊಂಡು ಹೋಗಿ. ಈಗ ನಮ್ಮ ಬೀದಿಯಲ್ಲಿ ಯಾರಿಗೂ ಕಾರಣ ಬೇಡ. ಮಧ್ಯಾಹ್ನ ಹನ್ನೆರಡಾದರೆ ಪ್ರತಿ ಗೇಟಿನ ಮುಂದೆಯೂ ಒಂದು ಸ್ಕೂಟರು ನಿಂತಿರುತ್ತದೆ. "ಇಷ್ಟೊಂದು ಜನಕ್ಕೆ ಒಟ್ಟಿಗೇ ಜ್ವರ ಬಂದಿದೆಯೇನೋ?" ಎಂದು ಅಮ್ಮ ಬಾಲ್ಕನಿಯಿಂದ ನೋಡಿ ಕೇಳುತ್ತಿದ್ದಳು.

ಮೊದಲ ಮೂರು ಊಟಗಳು ಪರೀಕ್ಷೆಯಲ್ಲಿ ಫೇಲಾದವು. ಒಂದಕ್ಕೆ ಸೋಡಾ ವಾಸನೆ, ಒಂದಕ್ಕೆ ಎಣ್ಣೆ ಜಾಸ್ತಿ, ಮೂರನೆಯದರ ಅನ್ನ "ನಮ್ಮನ್ನ ನೋಡಿ ಹೆದರಿ ಒಂದಕ್ಕೊಂದು ಅಂಟಿಕೊಂಡಿದೆ". ನಾಲ್ಕನೆಯ ದಿನ ಹೆಂಡತಿ ಹೊಸದೊಂದು ಕಡೆಯಿಂದ ತರಿಸಿದಳು. ಹೋಟೆಲ್ ಅಲ್ಲ, ಯಾರೋ ಮನೆಯಲ್ಲೇ ಮಾಡಿ ಕೊಡುವ ಊಟ. ಅಮ್ಮ ಎಡಗೈಯಲ್ಲಿ ಚಮಚ ಹಿಡಿದು ಹುಳಿಯನ್ನು ಅನ್ನಕ್ಕೆ ಸುರಿದು ಸುರಿದು ತಿಂದಳು. ಡಬ್ಬಿಯ ತಳ ಕಂಡ ಮೇಲೆ, "ಇವರು ಯಾರೋ ಮರ್ಯಾದಸ್ಥರು. ನಾನೇ ಮಾಡಿದ ಹಾಗಿದೆ" ಎಂದಳು.

ಅಂದಿನಿಂದ ದಿನಾ ಅಲ್ಲಿಂದಲೇ. ತಂದು ಕೊಡುತ್ತಿದ್ದವರು ಐವತ್ತು ದಾಟಿದ ಒಬ್ಬ ಗಿಡ್ಡ ಮನುಷ್ಯ, ಹೇರೋಹಳ್ಳಿಯವರು, ಮೊದಲು ಆಟೋ ಓಡಿಸುತ್ತಿದ್ದರಂತೆ. ಬಂದ ಪ್ಲಾಸ್ಟಿಕ್ ಡಬ್ಬಿಗಳನ್ನು ಅಮ್ಮ ನನ್ನಿಂದ ತೊಳೆಸಿ ಸಾಲಾಗಿ ಜೋಡಿಸಿದಳು. ಎರಡೇ ವಾರದಲ್ಲಿ ನಮ್ಮ ಸಾಸಿವೆ, ರಂಗೋಲಿ ಪುಡಿ, ಬಿ.ಪಿ. ಮಾತ್ರೆ, ನನ್ನ ಕೆಂಪು ಪೆನ್ನುಗಳು ಎಲ್ಲವೂ ಒಂದೇ ಅಳತೆಯ ಡಬ್ಬಿಗಳೊಳಗೆ ಸೇರಿಕೊಂಡವು. ಒಂದು ಬೆಳಿಗ್ಗೆ ನನ್ನ ಉಪ್ಪಿಟ್ಟಿನ ಒಗ್ಗರಣೆಗೆ ರಂಗೋಲಿ ಪುಡಿ ಬೀಳುವುದು ಕೂದಲೆಳೆಯಲ್ಲಿ ತಪ್ಪಿತು.

ಇಲ್ಲಿ ನಮ್ಮ ಹಿತ್ತಲಿಗೆ ಅಂಟಿಕೊಂಡಿರುವ ಮನೆಯ ಆಂಟಿಯ ವಿಷಯ ಹೇಳಬೇಕು. ಅವರ ಮನೆ ಬಾಗಿಲು ಆಚೆ ಕ್ರಾಸಿಗೆ. ಆದರೆ ಅವರ ಅಡುಗೆಮನೆಗೂ ನಮ್ಮ ಬಟ್ಟೆ ಒಗೆಯುವ ಕಲ್ಲಿಗೂ ನಡುವೆ ಒಂದೇ ಗೋಡೆ. ಅವರಿಗೂ ಅಮ್ಮನಿಗೂ ಆರು ವರ್ಷದಿಂದ ಮಾತಿಲ್ಲ. ಒಂದು ಹಬ್ಬಕ್ಕೆ ಅಮ್ಮ ಅವರಿಗೆ ಡಬ್ಬಿ ತುಂಬ ಕೋಡುಬಳೆ ಕಳಿಸಿದ್ದಳು. ಅವರು ಡಬ್ಬಿಯನ್ನು ಬರಿದಾಗಿ ಕಳಿಸಬಾರದೆಂದು ವಾರದ ಮೇಲೆ ಕೋಡುಬಳೆಯನ್ನೇ ತುಂಬಿ ಕಳಿಸಿದರು. ಅಮ್ಮ ಒಂದನ್ನು ಮುರಿದು ತಿಂದು, ಇದು ತಾನು ಕೊಟ್ಟ ಕೋಡುಬಳೆಯೇ, ತಿನ್ನದೆ ವಾಪಸ್ ಕಳಿಸಿದ್ದಾರೆ ಎಂದು ತೀರ್ಪು ಕೊಟ್ಟಳು. "ನಾನೇ ಮಾಡಿದ್ದು ಅಕ್ಕಾ" ಎಂದು ಅವರು ಗೋಡೆಯ ಆಚೆಯಿಂದ ಹೇಳಿದರೂ ಕೇಳಲಿಲ್ಲ. "ನನ್ನ ಕೈರುಚಿ ನನಗೆ ಗೊತ್ತಾಗಲ್ವಾ?" ಎಂದವಳು ಮತ್ತೆ ಮಾತಾಡಲಿಲ್ಲ.

ಹನ್ನೊಂದೂವರೆಗೆ ಗೋಡೆಯಾಚೆ ಒಗ್ಗರಣೆ ಚಟಪಟ ಎಂದರೆ ಅಮ್ಮ ಮೂಗು ಮುಚ್ಚಿಕೊಳ್ಳುತ್ತಿದ್ದಳು. "ನೋಡೋ, ಇಂಗು ಸೀದು ಹೋಯ್ತು. ಹೇಗೆ ತಿಂತಾರೋ ಪಾಪ." ಹನ್ನೆರಡೂವರೆಗೆ ನಮ್ಮ ಪಾರ್ಸೆಲ್ ಬಂದರೆ ಮುಚ್ಚಳ ತೆಗೆದು ಕಣ್ಣು ಮುಚ್ಚುತ್ತಿದ್ದಳು. "ಇದು ನೋಡು ಒಗ್ಗರಣೆ ಅಂದ್ರೆ. ಆ ಹಿಂದಿನ ಮನೆಯವಳು ಇವರ ಹತ್ರ ಕಲಿಬೇಕು."

ಕ್ರಮೇಣ ಅಮ್ಮ ಸಲಹೆ ಕೊಡಲು ಶುರುಮಾಡಿದಳು. ಆರ್ಡರ್ ಮಾಡುವಾಗ ಅಡುಗೆಯವರಿಗೆ ಸೂಚನೆ ಬರೆಯಲು ಒಂದು ಜಾಗವಿರುತ್ತದೆ. ಜನ ಅಲ್ಲಿ 'ಖಾರ ಕಡಿಮೆ' ಎಂದು ಬರೆಯುತ್ತಾರೆ. ಅಮ್ಮ ಹೇಳಿ ಬರೆಸಿದ್ದು: "ನಿನ್ನೆ ಹುಳಿಗೆ ಬೆಲ್ಲ ಒಂದು ಚೂರು ಹೆಚ್ಚಾಯಿತು. ನುಗ್ಗೆಕಾಯಿ ಬಲಿತಿತ್ತು. ತಪ್ಪು ತಿಳಿಯಬೇಡಿ, ಕೈ ಒಳ್ಳೆಯದಿದೆ." ಮರುದಿನ ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿತ್ತು: "ಸರಿ ಮೇಡಂ. ಇವತ್ತು ಎಳೇದು ಹಾಕಿದೀನಿ." ಅಮ್ಮ ಆ ಚೀಟಿಯನ್ನು ಬಿ.ಪಿ. ಮಾತ್ರೆಯ ಡಬ್ಬಿಯಲ್ಲಿಟ್ಟಳು. ಆಮೇಲೆ ದಿನಾ ಪತ್ರವ್ಯವಹಾರ.

ಒಂದು ಮಧ್ಯಾಹ್ನ ಊಟ ತಡವಾಯಿತು. ನಾನು ಫೋನಿನಲ್ಲಿ ನಕ್ಷೆ ತೆಗೆದು ನೋಡಿದೆ. ಸ್ಕೂಟರಿನ ಚಿತ್ರ ನಮ್ಮ ಹಿತ್ತಲಲ್ಲೇ ನಿಂತಿತ್ತು. ಎಲಾ ಇವರ, ಕಾಂಪೌಂಡ್ ಹಾರಿ ಬಂದರೇ ಎಂದು ಹಿಂದೆ ಹೋಗಿ ಒಗೆಯುವ ಕಲ್ಲಿನ ಸುತ್ತ ಹುಡುಕಿದೆ. ಗೋಡೆಯಾಚೆಯಿಂದ ಆಂಟಿಯ ದನಿ ಕೇಳಿಸಿತು: "ನೆಟ್ಟಗೆ ಹಿಡ್ಕೊಳ್ಳಪ್ಪ, ಹುಳಿ ಚೆಲ್ಲುತ್ತೆ. ಆ ಮೇಡಂ ಬಲೇ ಕಟ್ಟುನಿಟ್ಟು."

ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಸಂಜೆ ಹೆಂಡತಿಗೆ ಹೇಳಿದಾಗ ಅವಳು ದಿಂಬಿಗೆ ಮುಖ ಒತ್ತಿಕೊಂಡು ನಕ್ಕಳು. ಪ್ಲಾಸ್ಟರ್ ಬಿಚ್ಚುವವರೆಗೆ ಬಾಯಿ ಬಿಡುವುದು ಬೇಡವೆಂದು ತೀರ್ಮಾನಿಸಿದೆವು. ಎಷ್ಟೆಂದರೂ ನಮ್ಮ ಊಟದ ಪ್ರಶ್ನೆ.

ಆದರೆ ಐದನೆಯ ವಾರ ಪೈಪು ಹಾಕಲು ನಮ್ಮ ರಸ್ತೆಯನ್ನು ಎರಡೂ ತುದಿಯಲ್ಲಿ ಅಗೆದರು. ಊಟ ತರುವ ಆ ಮನುಷ್ಯ ನನಗೆ ಫೋನ್ ಮಾಡಿದರು. "ಸಾರ್, ಗಾಡಿ ಬರಲ್ಲ, ಒಂದಾಳುದ್ದ ಗುಂಡಿ. ನಿಮ್ಮ ಮನೆ ಹಿಂದುಗಡೆ ಗೋಡೆ ಮೇಲಿಂದಾನೇ ಕೊಟ್ಬಿಡ್ತೀನಿ."

"ಬೇಡ, ಬೇಡ, ಗೋಡೆ ಬೇಡ!" ಎನ್ನುತ್ತಾ ನಾನು ಹಿತ್ತಲಿಗೆ ಓಡುವಷ್ಟರಲ್ಲಿ ತಡವಾಗಿತ್ತು. ಅಮ್ಮ ಕಲ್ಲಿನ ಪಕ್ಕ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದಳು. ಗೋಡೆಯ ಮೇಲೆ ಮೊದಲು ಒಂದು ಹೆಲ್ಮೆಟ್ಟು ಎದ್ದಿತು, ಆಮೇಲೆ ಊಟದ ಚೀಲ, ಆಮೇಲೆ ಅದರ ಪಕ್ಕದಲ್ಲಿ, ಸ್ಟೂಲು ಹತ್ತಿ ನಿಂತ ಆಂಟಿಯ ಮುಖ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಮ್ಮನ ಎಡಗೈಯ ಚೊಂಬಿನಿಂದ ನೀರು ಸುರಿದು ಅವಳ ಕಾಲ ಮೇಲೇ ಬೀಳುತ್ತಿತ್ತು.

"ಅಮ್ಮ, ಓಟಿಪಿ ಹೇಳಿ" ಎಂದಿತು ಹೆಲ್ಮೆಟ್ಟು.



"ಅಕ್ಕಾ, ಬೆಲ್ಲ ಜಾಸ್ತಿ ಅಂತ ಬರೆಸಿದ್ದು ನೀವಾ?" ಎಂದರು ಆಂಟಿ.

"ಹೂಂ."

"ನುಗ್ಗೆಕಾಯಿ ಬಲಿತಿದೆ ಅಂದಿದ್ದು?"

"ಬಲಿತಿತ್ತು, ಅದಕ್ಕೇ ಅಂದೆ."

"ಕೈ ಒಳ್ಳೇದಿದೆ ಅಂದಿದ್ದೂ ನೀವೇನಾ?"

ಅಮ್ಮ ಕರಿಬೇವಿನ ಗಿಡವನ್ನೇ ನೋಡಿದಳು. "ಅದು ಇವನು ಬರೆದಿರಬೇಕು" ಎಂದು ನನ್ನ ಕಡೆ ತೋರಿಸಿದಳು. ಚೊಂಬನ್ನು ಕಲ್ಲಿನ ಮೇಲಿಟ್ಟು, "ಆವತ್ತಿನ ಕೋಡುಬಳೆ ನೀವೇ ಮಾಡಿದ್ದಿರಬಹುದು ಬಿಡಿ" ಎಂದಳು. ಅವಳು ಇಷ್ಟು ತಗ್ಗಿ ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

"ಅಮ್ಮ, ಬೇಗ ಹೇಳಿ, ನಂಗೆ ಮಾರೇನಹಳ್ಳಿಗೆ ಇನ್ನೊಂದು ಆರ್ಡರ್ ಇದೆ" ಎಂದಿತು ಹೆಲ್ಮೆಟ್ಟು. ನಾನು ಹೇಳಿದೆ.

ಆಂಟಿ ಅಂದೇ ಸಂಜೆ ಬಂದರು. ಇನ್ನು ಮೇಲೆ ಆರ್ಡರ್ ಏನೂ ಬೇಡ, ಕೈ ವಾಸಿಯಾಗುವವರೆಗೆ ಗೋಡೆ ಮೇಲಿಂದ ತಾನೇ ಕೊಡುತ್ತೇನೆ ಎಂದರು. ನಾನೂ ಹೆಂಡತಿಯೂ ಖುಷಿಪಟ್ಟೆವು. ಅಮ್ಮ ಒಪ್ಪಲಿಲ್ಲ. ಅವರು ಹೋದ ಮೇಲೆ ನನ್ನನ್ನು ಕೂರಿಸಿಕೊಂಡು ಬುದ್ಧಿ ಹೇಳಿದಳು: "ಸುಮ್ನೆ ಕೊಟ್ಟಿದ್ದರಲ್ಲಿ ಹುಳುಕು ಹುಡುಕೋಕಾಗುತ್ತಾ? ಆರ್ಡರ್ ಮಾಡಿದ್ರೆ ಧೈರ್ಯವಾಗಿ ಹೇಳಬಹುದು ಕಣೋ."

ಪ್ಲಾಸ್ಟರ್ ಬಿಚ್ಚಿದ ಮೇಲೆ ಅಮ್ಮ ನಮ್ಮ ಅಡುಗೆಮನೆಗೆ ಮರಳುತ್ತಾಳೆಂದುಕೊಂಡಿದ್ದೆವು. ಅವಳು ಹೋದದ್ದು ಆಚೆ ಕ್ರಾಸಿನ ಅಡುಗೆಮನೆಗೆ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಅಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಗೋಡೆಯಾಚೆ ಈಗ ದಿನಾ ಜಗಳ ಕೇಳಿಸುತ್ತದೆ.

"ಅಕ್ಕಾ, ಇಂಗು ಸಾಕು!"

"ಸಾಕು ಅಂತ ನೀವು ಹೇಳಿದ್ರೆ ಆಯ್ತಾ?"

ಊಟಕ್ಕೆ ನಾನು ಆರ್ಡರ್ ಮಾಡಿ ಕಾಯುತ್ತೇನೆ. ಮೊನ್ನೆ ಒಂದೂವರೆಯಾದರೂ ಬರಲಿಲ್ಲ. ಗೇಟಿನ ಹತ್ತಿರ ಹೋಗಿ ನಿಂತೆ. ರಸ್ತೆಯ ಕೊನೆಯಿಂದ ಸ್ಕೂಟರ್ ಬಹಳ ನಿಧಾನವಾಗಿ ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಅಮ್ಮ ಒಂದು ಕಡೆಗೆ ಕಾಲು ಇಳಿಬಿಟ್ಟು, ಯಾರದೋ ಹೆಲ್ಮೆಟ್ಟು ಹಾಕಿಕೊಂಡು, ಹುಳಿಯ ಡಬ್ಬಿಯನ್ನು ಎರಡೂ ಕೈಯಲ್ಲಿ ಮಡಿಲಲ್ಲಿ ಹಿಡಿದು ಕೂತಿದ್ದಳು.

"ಹಂಪು ಬಂತು ಕಣಪ್ಪಾ, ಹಂಪು, ನಿಧಾನ!" ಎಂದು ಕೂಗುತ್ತಿದ್ದಳು. ಆ ಮನುಷ್ಯ ರಸ್ತೆಯುಬ್ಬಿನ ಮುಂದೆ ಗಾಡಿಯನ್ನು ಪೂರ್ತಿ ನಿಲ್ಲಿಸಿ, ಎರಡೂ ಕಾಲು ನೆಲಕ್ಕೆ ಕೊಟ್ಟು ದಾಟಿಸಿದರು. ಅಷ್ಟರಲ್ಲಿ ಎದುರು ಮನೆಯವರೆಲ್ಲ ಹೊರಗೆ ಬಂದು ನಿಂತಿದ್ದರು. ಅಮ್ಮ ಯಾರ ಕಡೆಗೂ ನೋಡದೆ ಇಳಿದು, ಡಬ್ಬಿಯನ್ನು ನನ್ನ ಕೈಗಿತ್ತು, ತಟ್ಟೆ ಹಾಕು ಎಂದಳು.