ಜೋಯಾ ಎಡಗೈಯಲ್ಲಿ ರೊಟ್ಟಿ ಮುರಿದ ದಿನ

ಕೋವಿಡ್ ಗಲಾಟೆ ಮುಗಿದು ಎರಡು ವರ್ಷವಾಗಿತ್ತು. ಡೊಂಬಿವಲಿಯಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತಿದ್ದ ನನ್ನನ್ನು ನವಿ ಮುಂಬಯಿಯ ಒಂದು ಮಹಿಳಾ ಹ್ಯಾಂಡ್‌ಬಾಲ್ ತಂಡ ಒಂದು ಸೀಸನ್ನಿನ ಮಟ್ಟಿಗೆ ಫಿಸಿಯೋ ಆಗಿ ಕರೆಯಿತು. ಮೊಣಕಾಲು, ಸೊಂಟ, ಸ್ಲಿಪ್ ಡಿಸ್ಕ್ ಎಂದು ಇಪ್ಪತ್ತೆಂಟು ವರ್ಷ ಕಳೆದವಳಿಗೆ ಹ್ಯಾಂಡ್‌ಬಾಲ್ ಎಂದರೆ ಫುಟ್‌ಬಾಲಿನಲ್ಲಿ ಚೆಂಡಿಗೆ ಕೈ ತಾಗಿದಾಗ ಕೊಡುವ ಫೌಲ್ ಎಂದಷ್ಟೇ ಗೊತ್ತಿತ್ತು. ಅದೇ ಹೆಸರಿನ ಬೇರೆ ಆಟವೇ ಇದೆ, ಒಂದೊಂದು ಕಡೆ ಏಳು ಜನ, ಚೆಂಡನ್ನು ಕೈಯಿಂದಲೇ ಗೋಲಿಗೆ ಎಸೆಯಬೇಕು ಎಂದು ಮೊದಲ ದಿನ ಕಲಿತೆ. ಎಸೆತದ ಭಾರವೆಲ್ಲ ಭುಜದ ಮೇಲೆ ಬೀಳುತ್ತದೆ, ಹಾಗಾಗಿ ನನಗೆ ಕೆಲಸಕ್ಕೇನೂ ಬರವಿಲ್ಲ ಎಂದು ಎರಡನೆಯ ದಿನ ತಿಳಿಯಿತು.

ತಂಡದ ಯಜಮಾನರು ರಾಘವಣ್ಣ. ವಾಶಿಯಲ್ಲಿ ಹೋಟೆಲ್ ಇಟ್ಟುಕೊಂಡಿದ್ದ ನಮ್ಮ ಉಡುಪಿ ಕಡೆಯವರು. ಆಟದ ಹುಚ್ಚಿಗೆ ರಷ್ಯಾದಿಂದಲೇ ಒಬ್ಬಳನ್ನು ಕರೆಸಿದ್ದರು. ಹೆಸರು ಜೋಯಾ. ಹೆಸರು ಕೇಳಿ ಇಲ್ಲಿಯವಳೇ ಯಾರೋ ಇರಬೇಕೆಂದುಕೊಂಡಿದ್ದೆ. ಎದುರಿಗೆ ಬಂದಾಗ ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬಂದಳು.

ಅವಳಿಗೆ ಮೂವತ್ತೇಳು ವಯಸ್ಸು. ವೋಲ್ಗಾ ದಂಡೆಯ ಒಂದು ಕಾರ್ಖಾನೆ ಊರಿನವಳು. ಶಾಲೆಯಲ್ಲಿ ಎತ್ತರದ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ಆರಿಸಿಕೊಂಡಾಗ ಆಟಕ್ಕೆ ಬಂದವಳು. ಮೊದಲು ಊರಿನ ಕ್ಲಬ್, ಆಮೇಲೆ ದೊಡ್ಡ ಕ್ಲಬ್, ಆಮೇಲೆ ಹೊರದೇಶದ ಸಣ್ಣ ಸಣ್ಣ ಲೀಗುಗಳು. ಈಚೆಗೆ ಯುದ್ಧದಿಂದಾಗಿ ಅವರ ದೇಶದ ತಂಡಗಳಿಗೆ ಹೊರಗಿನ ಟೂರ್ನಿಗಳ ಬಾಗಿಲು ಮುಚ್ಚಿದ ಮೇಲೆ, ಎಲ್ಲಿ ಕರೆದರೆ ಅಲ್ಲಿಗೆ. ಇಷ್ಟೆಲ್ಲ ಆಡಿಯೂ ಒಂದೂ ಫೈನಲ್ ಆಡಿರಲಿಲ್ಲ. ತಂಡ ಫೈನಲ್ ತಲುಪಿದಾಗಲೆಲ್ಲ ಅವಳು ಬೆಂಚಿನ ಮೇಲಿದ್ದಳು, ಇಲ್ಲವೇ ಆಸ್ಪತ್ರೆಯಲ್ಲಿದ್ದಳು. ಇದು ತನ್ನ ಕೊನೆಯ ಸೀಸನ್ ಎಂದು ಬಂದ ದಿನವೇ ಹೇಳಿದ್ದಳು.

ದಿನವೂ ಪ್ರಾಕ್ಟೀಸ್ ಮುಗಿದ ಮೇಲೆ ನಾನು ಭುಜ ಹೇಗಿದೆ ಎಂದು ಕೇಳುತ್ತಿದ್ದೆ. ಅವಳ ಉತ್ತರ ಒಂದೇ: "ನರ್ಮಾಲ್ನಾ." ರಷ್ಯನ್ ಭಾಷೆಯ ಆ ಪದ ನಮ್ಮ ಕಿವಿಗೆ "ನಾರ್ಮಲ್ ನಾ" ಎಂದೇ ಕೇಳುತ್ತಿತ್ತು. ಲೋಕಲ್ ಗಾಡಿಯಲ್ಲಿ, ಸೊಸೈಟಿ ಗೇಟಿನಲ್ಲಿ, ಎಲ್ಲೆಲ್ಲೂ "ಸಬ್ ನಾರ್ಮಲ್ ಹೈ ನಾ" ಎನ್ನುವ ಊರು ನಮ್ಮದು. ರಿಪೋರ್ಟಿನಲ್ಲಿ ನಾರ್ಮಲ್ ಎಂದು ಬಂದರೆ ದೇವರಿಗೆ ಕೈ ಮುಗಿಯುವ ಜನ ನಾವು. ತಂಡದ ಹುಡುಗಿಯರೂ ಅದನ್ನೇ ಹಿಡಿದರು, ಯಾರು ಏನು ಕೇಳಿದರೂ "ನಾರ್ಮಲ್ ನಾ!" ಎಂದು ನಗುವುದು. ಪರೀಕ್ಷೆ ಮಾಡುವಾಗಲೂ ಜೋಯಾ ಹಲ್ಲು ಕಚ್ಚಿ ಚೆಂಡೆಸೆಯುವ ಬಲಗೈಯನ್ನು ಪೂರ್ತಿ ಎತ್ತಿಬಿಡುತ್ತಿದ್ದಳು. ಇಪ್ಪತ್ತು ವರ್ಷ ಡಾಕ್ಟರುಗಳ ಕಣ್ಣು ತಪ್ಪಿಸಿದ ಕೈ ಅದು.

ಅವಳನ್ನು ಹೆಚ್ಚು ಹಚ್ಚಿಕೊಂಡವಳು ರೇಣುಕಾ. ಕಲ್ಯಾಣದ ಚಾಳಿನಲ್ಲಿ ಬೆಳೆದ, ನನಗೆ ಮೊದಲೇ ಪರಿಚಯವಿದ್ದ ಹುಡುಗಿ, ತಂದೆತಾಯಿ ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಜೋಯಾ ಬಂದ ಹೊಸತರಲ್ಲಿ ಎಡಗೈಯಲ್ಲಿ ವಡಾಪಾವ್ ತಿನ್ನುವುದನ್ನು ಕಂಡು ರೇಣುಕಾ ಅವಳ ಕೈಗೆ ಮೆಲ್ಲಗೆ ಏಟು ಕೊಟ್ಟು ಬಲಗೈಯಲ್ಲಿ ತಿನ್ನಲು ಕಲಿಸಿದ್ದಳು. ಅಂದಿನಿಂದ ಜೋಯಾ ಚಹಾ ಲೋಟವನ್ನೂ ಬಲಗೈಯಲ್ಲೇ ಹಿಡಿಯುವಳು. ಹೋಟೆಲಿನಲ್ಲಿ ಯಾರಾದರೂ ಎಡಗೈಯಲ್ಲಿ ತಿನ್ನುತ್ತಿದ್ದರೆ ನನ್ನ ಕಡೆ ನೋಡಿ ಹುಬ್ಬು ಹಾರಿಸುವಷ್ಟು ನಮ್ಮವಳಾಗಿಬಿಟ್ಟಿದ್ದಳು.

ಸೆಮಿಫೈನಲ್ ಗೆದ್ದ ಮರುದಿನ ರೇಣುಕಾಳ ತಾಯಿ ಶರಣಮ್ಮ ನಮ್ಮನ್ನೆಲ್ಲ ಮನೆಗೆ ಊಟಕ್ಕೆ ಕರೆದರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ನೆಲದ ಮೇಲೆ ಸಾಲಾಗಿ ಕುಳಿತೆವು. ಜೋಯಾ ಎಡಗೈಯಲ್ಲಿ ರೊಟ್ಟಿ ಮುರಿದಳು. ಹುಡುಗಿಯರು ಹೋ ಎಂದು ನಕ್ಕರು.

"ಕಲಿಸಿದ್ದೆಲ್ಲ ಪಾನಿ ಮೇ ಗಯಾ," ಎಂದಳು ರೇಣುಕಾ.

ಶರಣಮ್ಮ ನಗಲಿಲ್ಲ. "ಎಡಗೈಲೆ ಉಣಬಾರದವ್ವಾ. ಯಾಕ, ಕೈಗೇನಾಗ್ಯದ?"

ರೇಣುಕಾ ಅದನ್ನು ಅರ್ಧ ಇಂಗ್ಲಿಷ್, ಅರ್ಧ ಕೈಸನ್ನೆಯಲ್ಲಿ ದಾಟಿಸಿದಳು. "ನರ್ಮಾಲ್ನಾ," ಎಂದಳು ಜೋಯಾ.

"ಏನಂತಾಳ?" ಎಂದರು ಶರಣಮ್ಮ.

"ಆರಾಮ ಅದ ಅಂತಾಳವ್ವಾ."

ನಾನು ತುತ್ತನ್ನು ತಟ್ಟೆಯಲ್ಲಿಟ್ಟು ಜೋಯಾಳ ಬಲಗೈ ನೋಡಿದೆ. ಶರಣಮ್ಮ ಒಂದು ಕಾಲದಲ್ಲಿ ನನ್ನ ಪೇಷಂಟ್. ವರ್ಷಗಟ್ಟಲೆ ತಲೆ ಮೇಲೆ ಸಿಮೆಂಟು ಹೊತ್ತು ಭುಜ ಸೆಟೆದು, ತುರುಬು ಕಟ್ಟಿಕೊಳ್ಳಲೂ ಕೈ ಮೇಲೇಳದಾಗ ಮಗಳು ಎಳೆದುಕೊಂಡು ಬಂದಿದ್ದಳು. ಅವತ್ತೂ, ಹೇಗಿದ್ದೀರಿ ಎಂದಾಗ, "ಆರಾಮ ಇದ್ದೀನ್ರಿ" ಎಂದಿದ್ದರು. ಅವರ 'ಆರಾಮ'ವನ್ನು ನಂಬಬಾರದೆಂದು ನಾನು ಅಂದೇ ಕಲಿತಿದ್ದೆ. ಎದುರಿನವರಿಗೆ ತೊಂದರೆ ಕೊಡಬಾರದೆಂಬ ಮರ್ಯಾದೆಯ ಮಾತು ಅದು. ಜೋಯಾಳ ಮಾತಿಗೂ ಅದೇ ಅರ್ಥವಿರಬೇಕೆಂದು ಮೊದಲ ಬಾರಿಗೆ ಹೊಳೆಯಿತು: ತಡೆದುಕೊಳ್ಳುತ್ತೇನೆ, ಹೆಚ್ಚು ಕೇಳಬೇಡ.

ಊಟವಾದ ಮೇಲೆ ನೀರು ತುಂಬಿದ ತಂಬಿಗೆಯನ್ನು ಅವಳ ಮುಂದಿಟ್ಟು ಬಲಗೈಯಲ್ಲಿ ಎತ್ತು ಎಂದೆ. ತಂಬಿಗೆ ನೆಲದಿಂದ ಗೇಣುದ್ದ ಎದ್ದಿತು. ಅವಳ ಮುಖ ಸುಣ್ಣದ ಹಾಗಾಯಿತು.

ಮರುದಿನ ಥಾಣೆಯ ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿಸಿದೆವು. ಭುಜದ ಕೀಲನ್ನು ಹಿಡಿದಿಡುವ ನಾಲ್ಕು ಸ್ನಾಯುಗಳ ಗುಂಪಿಗೆ ರೊಟೇಟರ್ ಕಫ್ ಎನ್ನುತ್ತಾರೆ. ಅದರಲ್ಲಿ ಕೈಯನ್ನು ಮೇಲೆತ್ತಲು ನೆರವಾಗುವ ಸ್ನಾಯುವಿನ ತುದಿ ಅರ್ಧಕ್ಕಿಂತ ಹೆಚ್ಚು ಹರಿದಿತ್ತು. ಇನ್ನೊಂದು ಪಂದ್ಯ ಆಡಿದರೆ ಪೂರ್ತಿ ಹರಿಯುವ ಸಂಭವವೇ ಹೆಚ್ಚು ಎಂದರು ಸರ್ಜನ್. ಫೈನಲ್ ಆ ಭಾನುವಾರವೇ ಇತ್ತು.

ರಾಘವಣ್ಣ ತಲೆ ಮೇಲೆ ಕೈ ಹೊತ್ತರು. "ಎಂಥದು ಮಾರಾಯ್ರೆ, ಫೈನಲಿಗೇ ಬೇಡ ಅಂದ್ರೆ ಹೇಗೆ? ಒಂದು ಇಂಜೆಕ್ಷನ್ ಕೊಡ್ಸಿ, ಸುಧಾರಿಸ್ತಾಳೆ."

ಜೋಯಾ ಕೇಳಿದ್ದೂ ಅದನ್ನೇ. "ಒಂದು ಇಂಜೆಕ್ಷನ್, ಒಂದು ಫೈನಲ್. ಆಮೇಲೆ ಕೈ ಹೋದರೆ ಹೋಗಲಿ," ಎಂದಳು ತನ್ನ ಮುರುಕು ಇಂಗ್ಲಿಷಿನಲ್ಲಿ.

"ಆಮೇಲೆ ಏನು ಮಾಡ್ತೀಯ?" ಎಂದು ಕೇಳಿದೆ.

"ಊರಿಗೆ ಹೋಗಿ ಕೋಚ್. ಗೋಲ್‌ಕೀಪರ್ ಹುಡುಗಿಯರಿಗೆ."

"ಅವರಿಗೆ ಚೆಂಡು ಯಾವ ಕೈಯಲ್ಲಿ ಎಸೀತೀಯ?"

ಅವಳು ಭುಜಕ್ಕೆ ಇಂಜೆಕ್ಷನ್ ಚುಚ್ಚುವ ಸನ್ನೆ ಮಾಡಿದಳು. ನೋವು ಸತ್ತ ಭುಜ ತಾನು ಹರಿಯುತ್ತಿರುವುದನ್ನೂ ಹೇಳಲಾರದು, ನಾನು ಒಪ್ಪಲಾರೆ ಎಂದೆ. ರಷ್ಯನ್ನಿನಲ್ಲಿ ಏನೋ ಕೂಗಿ ಬಾಗಿಲು ಹಾಕಿಕೊಂಡಳು. ಅದು ಬೈಗುಳವೆಂದು ತಿಳಿಯಲು ಭಾಷೆ ಬೇಕಿರಲಿಲ್ಲ.

ಫೈನಲಿನಲ್ಲಿ ಅವಳ ಜಾಗದಲ್ಲಿ ರೇಣುಕಾ ಆಡಿದಳು. ಜೋಯಾ ಕೈಗೆ ಜೋಳಿಗೆ ಕಟ್ಟಿಕೊಂಡು ಮತ್ತೆ ಬೆಂಚಿನ ಮೇಲೆ. ಒಂದೇ ಒಂದು ಗೋಲಿನಿಂದ ಸೋತೆವು. ತನ್ನ ಕೊನೆಯ ಎಸೆತ ಗೋಲಿನ ಕಂಬಕ್ಕೆ ಬಡಿದಾಗ ರೇಣುಕಾ ಅಲ್ಲೇ ಕುಸಿದಳು. ಜೋಯಾ ಓಡಿ ಹೋಗಿ ಒಂದೇ ಕೈಯಲ್ಲಿ ಅವಳನ್ನು ಎಬ್ಬಿಸಿ ತಬ್ಬಿಕೊಂಡಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ನಿರ್ಧಾರ ಸರಿ ಎಂದು ಗೊತ್ತಿತ್ತು. ಆದರೂ ವಾಶಿಯಿಂದ ಹೊರಟವಳು ಥಾಣೆಯಲ್ಲಿ ಗಾಡಿ ಬದಲಿಸುವಾಗ ಪ್ಲಾಟ್‌ಫಾರ್ಮಿನ ನೂಕುನುಗ್ಗಲಿನಲ್ಲಿ ನಿಂತು ಅತ್ತುಬಿಟ್ಟೆ.

ಮೂರನೆಯ ದಿನ ಬೆಳಿಗ್ಗೆ ಜೋಯಾಳೇ ಡೊಂಬಿವಲಿಯ ಕ್ಲಿನಿಕ್ಕಿಗೆ ಬಂದು, ಟೇಬಲ್ ಮೇಲೆ ಕುಳಿತು ಕೈ ಚಾಚಿದಳು. ಆಪರೇಷನ್ನಿಗೆ ಊರಿಗೆ ಹೋಗುವವರೆಗೆ ದಿನವೂ ಬಂದಳು. ನಾನು ಒಂದು ಶರತ್ತು ಹಾಕಿದ್ದೆ: ಇಲ್ಲಿ 'ನರ್ಮಾಲ್ನಾ' ನಡೆಯುವುದಿಲ್ಲ. ಬದಲಿಗೆ ನಮ್ಮ ಮಾತು ಕಲಿಸಿದೆ. ಫಕ್ಕನೆ ಚುಚ್ಚಿ ಹಿಡಿದರೆ ಚಳುಕು. ಎಳೆದಂತಾದರೆ ಸೆಳೆತ. ಮರಗಟ್ಟಿದರೆ ಜೋಮು. ಅವಳ ನಾಲಿಗೆಗೆ 'ಳ' ಹೊರಳಲಿಲ್ಲ. ಚಲುಕು, ಸೆಲೆತ ಎನ್ನುತ್ತಿದ್ದಳು. ಉಚ್ಚಾರ ಏನಾದರಾಗಲಿ, ಉತ್ತರ ನಿಜವಾಗಿತ್ತು.

ಆಮೇಲೆ ನಾನೂ ಕೇಳುವ ರೀತಿ ಬದಲಿಸಿದೆ. ನೋವು ಹೇಗಿದೆ ಎಂದು ಕೇಳಿದರೆ ಜನ ನಮ್ಮ ಮನಸ್ಸು ನೋಯಿಸದ ಉತ್ತರ ಕೊಡುತ್ತಾರೆ. ಅದಕ್ಕೆ, ಇವತ್ತು ಯಾವ ಕೈಯಲ್ಲಿ ಊಟ ಮಾಡಿದಿರಿ, ತಲೆ ಬಾಚಿದ್ದು ಯಾರು, ಗಾಡಿಯಲ್ಲಿ ಯಾವ ಕೈಯಿಂದ ಹಿಡಿದುಕೊಂಡಿರಿ ಎಂದು ಕೇಳುತ್ತೇನೆ. ವೃತ್ತಿ ನನಗೆ ಕಲಿಸಿದ ದೊಡ್ಡ ಪಾಠ ಇಷ್ಟೇ.

ಕಳೆದ ಚಳಿಗಾಲದಲ್ಲಿ ಜೋಯಾ ವಿಡಿಯೋ ಕಾಲ್ ಮಾಡಿದಳು. ಹಿಂದೆ ದೊಡ್ಡ ಒಳಾಂಗಣ, ಗೋಲಿನ ಮುಂದೆ ಉದ್ದ ಜಡೆಯ ಹುಡುಗಿ. ಜೋಯಾ ಬಲಗೈಯಲ್ಲಿ ಚೆಂಡು ಎಸೆದು ತೋರಿಸಿ, ಭುಜ ತಟ್ಟಿಕೊಂಡಳು. "ಚಲುಕು ನ್ಯೆತ್," ಎಂದಳು. ಚಳುಕಿಲ್ಲ.

ಕೇಳಬಾರದಿತ್ತೇನೋ, ಕೇಳಿಬಿಟ್ಟೆ. "ಮತ್ತೆ ಆ ಫೈನಲ್?"

ಅವಳು ನಗು ನಿಲ್ಲಿಸಿದಳು. "ನರ್ಮಾಲ್ನಾ" ಎಂದು ಹೇಳಿ ನನ್ನನ್ನು ಸಮಾಧಾನಪಡಿಸಬಹುದಿತ್ತು. ಹೇಳಲಿಲ್ಲ. ಅದೇ ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು, "ಇಲ್ಲಿ ಚಲುಕು," ಎಂದಳು.